ಊರು ಬಿಟ್ಟು ಬಂದವರ ಪಲ್ಲವಿ: ನ್ಯೂಯಾರ್ಕ್‌ಗೆ ಒಂದು ಹಾಡು ಸಿಕ್ಕ ಪ್ರಕರಣ

2009ರ ಫೆಬ್ರವರಿ, ಲಂಡನ್‌ನ ಒಂದು ಹೋಟೆಲ್. ನ್ಯೂಯಾರ್ಕ್ ನಗರದ ಬ್ರೂಕ್ಲಿನ್ ಭಾಗದ ಇಬ್ಬರು ಹೆಣ್ಣುಮಕ್ಕಳು ಅಲ್ಲಿ ಉಳಿದುಕೊಂಡಿದ್ದಾರೆ. ಏಂಜೆಲಾ ಹಂಟ್ ಮತ್ತು ಜನೆಟ್ ಸೂವೆಲ್. ಇಬ್ಬರೂ ಹಾಡು ಬರೆಯುವವರು. ಇಬ್ಬರಿಗೂ ಮೈ ಹುಷಾರಿಲ್ಲ, ಅದಕ್ಕಿಂತ ಜಾಸ್ತಿ ಊರಿನ ನೆನಪು ಕಾಡುತ್ತಿದೆ. ನ್ಯೂಯಾರ್ಕ್‌ನಲ್ಲಿ ಇದ್ದಾಗ ಅದನ್ನು ಬೈದದ್ದೇ ಬೈದದ್ದು: ಆ ಜನಜಂಗುಳಿ, ಆ ತಳ್ಳಾಟ, ಆ ಸಬ್‌ವೇ ರೈಲು. ಈಗ ಅದೇ ತಳ್ಳಾಟ ಸಿಕ್ಕರೆ ಸಾಕಪ್ಪಾ ಅನಿಸುತ್ತಿದೆ. ಆ ರಾತ್ರಿ ಹೋಟೆಲ್‌ನಿಂದ ಹೊರಡುವ ಮುಂಚೆಯೇ ಅವರು ತೀರ್ಮಾನ ಮಾಡಿದ್ದರು, ನಮ್ಮ ಊರಿನ ಮೇಲೆ ಒಂದು ಹಾಡು ಬರೆಯೋಣ ಅಂತ.

ಆ ಹಾಡೇ 'ಎಂಪೈರ್ ಸ್ಟೇಟ್ ಆಫ್ ಮೈಂಡ್'. ಅಮೆರಿಕದ ಜನಪ್ರಿಯ ಹಾಡುಗಳ ವಾರದ ಪಟ್ಟಿಯಾದ ಬಿಲ್‌ಬೋರ್ಡ್ ಹಾಟ್ 100ರಲ್ಲಿ, ಅದೇ ವರ್ಷದ ನವೆಂಬರ್ 28ರಂದು, ಅದು ಮೊದಲ ಸ್ಥಾನಕ್ಕೆ ಬಂತು. ಐದು ವಾರ ಅಲ್ಲಿಂದ ಕದಲಲಿಲ್ಲ. ಹಾಡಿದವರು ರ‍್ಯಾಪರ್ ಜೇ-ಝೀ, ಪಲ್ಲವಿಗೆ ದನಿ ಕೊಟ್ಟವರು ಅಲಿಷಿಯಾ ಕೀಸ್. ಇಬ್ಬರೂ ನ್ಯೂಯಾರ್ಕ್‌ನಲ್ಲೇ ಹುಟ್ಟಿ ಬೆಳೆದವರು. ಹಾಗಾಗಿ ಬಹಳ ಜನ ಈ ಹಾಡಿನ ಬಗ್ಗೆ ಹೇಳುವಾಗ, ಊರಿನ ಮಗ ಊರಿನ ಮಗಳ ಜೊತೆ ಕೂತು ಊರಿನ ಹಾಡು ಬರೆದ ಅನ್ನೋ ಥರ ಹೇಳುತ್ತಾರೆ. ಕೇಳೋಕೆ ಚೆನ್ನಾಗಿದೆ. ಆದರೆ ನಡೆದದ್ದು ಹಾಗಲ್ಲ.

ಪಲ್ಲವಿ ಹುಟ್ಟಿದ್ದು ಅಟ್ಲಾಂಟಿಕ್ ಸಾಗರದ ಆಚೆ ದಡದಲ್ಲಿ. ಬೀಟ್, ಅಂದರೆ ಹಾಡಿನ ಹಿಂದಿನ ತಾಳ-ವಾದ್ಯ, ಕಟ್ಟಿದವರು ಲಂಡನ್‌ನ ಒಬ್ಬ ಸಂಗೀತ ನಿರ್ಮಾಪಕ. ಅದರೊಳಗೆ ಕೇಳುವ ಹಳೆಯ ತುಣುಕು 1970ರ ಒಂದು ವಿರಹದ ಹಾಡಿನದು. ಮೊದಲು ಕೇಳಿದವರು ಹಾಡನ್ನು ಬೇಡ ಎಂದಿದ್ದರು. ನಾನು ಈ ಪ್ರಕರಣವನ್ನು ಎತ್ತಿಕೊಂಡದ್ದು ಇದೇ ಕಾರಣಕ್ಕೆ. ಒಂದು ಊರನ್ನು ಕೊಂಡಾಡುವ ಹಾಡು ಆ ಊರಿಗೆಲ್ಲ ತನ್ನದು ಅನಿಸಬೇಕಾದರೆ, ಅದರಲ್ಲಿ ಊರಿನಿಂದ ದೂರ ಇರುವವರ ಸಂಕಟವೂ ಇರಬೇಕು, ಊರೊಳಗೇ ಬದುಕಿದವರ ಲೆಕ್ಕವೂ ಇರಬೇಕು. ಈ ಎರಡೂ ಬೇರೆ ಬೇರೆ ಕೈಗಳಿಂದ ಬಂದು ಈ ಹಾಡಿನಲ್ಲಿ ಸೇರಿದವು ಅನ್ನುವುದು ನನ್ನ ಓದು.

ಹೊರಗೆ ನಿಂತು ಹಾಡಿದವರು

ನ್ಯೂಯಾರ್ಕ್‌ನ ಹಳೆಯ ದೊಡ್ಡ ಹಾಡುಗಳನ್ನು ಸ್ವಲ್ಪ ನೋಡಿ. ಫ್ರಾಂಕ್ ಸಿನಾತ್ರಾ 1980ರಲ್ಲಿ ಜನಪ್ರಿಯ ಮಾಡಿದ 'ನ್ಯೂಯಾರ್ಕ್, ನ್ಯೂಯಾರ್ಕ್' ಹಾಡು ಇದೆಯಲ್ಲ, ಮೊದಲು 1977ರ ಒಂದು ಸಿನಿಮಾಕ್ಕೆ ಲೈಜಾ ಮಿನೆಲಿ ಹಾಡಿದ್ದು, ಅದರಲ್ಲಿ ಹಾಡುವ ವ್ಯಕ್ತಿ ಇನ್ನೂ ಊರು ತಲುಪಿಯೇ ಇಲ್ಲ. ಇವತ್ತು ಹೊರಟಿದ್ದೇನೆ, ಹೇಗಾದರೂ ಅಲ್ಲಿಗೆ ಸೇರಬೇಕು ಅನ್ನುವ ಹಂಬಲದ ಹಾಡು ಅದು. ಸಿನಾತ್ರಾ ಹುಟ್ಟಿದ್ದು ಕೂಡ ನದಿಯ ಆಚೆ, ನ್ಯೂಜೆರ್ಸಿಯ ಹೋಬೋಕೆನ್‌ನಲ್ಲಿ. ಬಿಲ್ಲಿ ಜೋಯಲ್ ಅವರ 1976ರ 'ನ್ಯೂಯಾರ್ಕ್ ಸ್ಟೇಟ್ ಆಫ್ ಮೈಂಡ್' ಬಂದದ್ದು ಅವರು ಕೆಲವು ವರ್ಷ ಲಾಸ್ ಏಂಜಲೀಸ್‌ನಲ್ಲಿದ್ದು ಮನೆಗೆ ಮರಳಿದಾಗ. ನಮ್ಮ ಈ ಹಾಡಿನ ಹೆಸರೇ ಆ ಹೆಸರಿನ ಮೇಲೆ ಕಟ್ಟಿದ್ದು. 'ಎಂಪೈರ್ ಸ್ಟೇಟ್' ಅನ್ನುವುದು ನ್ಯೂಯಾರ್ಕ್ ರಾಜ್ಯದ ಅಡ್ಡಹೆಸರು.

ಅಂದರೆ ಊರನ್ನು ಆಕಾಶಕ್ಕೆತ್ತಿ ಹಾಡುವ ದನಿ ಪ್ರತಿ ಸಲವೂ ಹೊರಗಿನಿಂದ ಬಂದಿದೆ. ಊರಲ್ಲೇ ಇರುವವನಿಗೆ ಬಾಡಿಗೆ ಕಟ್ಟಬೇಕು, ರೈಲು ಹಿಡಿಯಬೇಕು, ಅವನಿಗೆ ಇಡೀ ಊರು ಒಂದೇ ನೋಟಕ್ಕೆ ಕಾಣುವುದೇ ಇಲ್ಲ.

ತಾಳಕ್ಕೆ ಮಾತು ಪೋಣಿಸುವ ರ‍್ಯಾಪ್ ಇರುವ ಹಿಪ್-ಹಾಪ್ ಸಂಗೀತ ಮಾತ್ರ ಇದಕ್ಕೆ ಉಲ್ಟಾ. ಅದು ಊರೊಳಗೇ ಹುಟ್ಟಿದ್ದು. 1973ರ ಆಗಸ್ಟ್ 11ರಂದು ನಗರದ ಬ್ರಾಂಕ್ಸ್ ಭಾಗದ 1520, ಸೆಜ್‌ವಿಕ್ ಅವೆನ್ಯೂ ಕಟ್ಟಡದಲ್ಲಿ ಡಿಜೆ ಕೂಲ್ ಹರ್ಕ್ ನಡೆಸಿದ ಪಾರ್ಟಿಯನ್ನೇ ಅದರ ಹುಟ್ಟುಹಬ್ಬ ಎಂದು ಲೆಕ್ಕ ಹಾಕುತ್ತಾರೆ. ಆಗಿನ ನ್ಯೂಯಾರ್ಕ್ ಹೇಗಿತ್ತು ಗೊತ್ತಲ್ವಾ? 1975ರಲ್ಲಿ ನಗರದ ಬೊಕ್ಕಸ ಬರಿದಾಗಿ ದಿವಾಳಿಯ ಅಂಚಿಗೆ ಬಂದಿತ್ತು. 1977ರ ಜುಲೈನಲ್ಲಿ ಊರಿಡೀ ಕರೆಂಟು ಹೋಗಿ ರಾತ್ರಿಯೆಲ್ಲಾ ಅಂಗಡಿಗಳ ಲೂಟಿ ನಡೆಯಿತು. ದಕ್ಷಿಣ ಬ್ರಾಂಕ್ಸ್‌ನಲ್ಲಿ ಸಾಲು ಸಾಲು ಮನೆಗಳು ಸುಟ್ಟು ಖಾಲಿ ಬಿದ್ದಿದ್ದವು. ಅಂಥ ಜಾಗದಿಂದ ಬಂದ ಹಾಡು ಊರನ್ನು ಹೊಗಳುವುದಾದರೂ ಹೇಗೆ? 1982ರಲ್ಲಿ ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಮತ್ತು ಫ್ಯೂರಿಯಸ್ ಫೈವ್ ತಂಡದ 'ದಿ ಮೆಸೇಜ್' ಬಂದಾಗ ಅದರಲ್ಲಿದ್ದದ್ದು ಒಡೆದ ಗಾಜು, ಇಲಿ, ಜಿರಲೆ, ಹುಚ್ಚು ಹಿಡಿಸುವ ಬಡತನ. ಅದು ನಿಜವಾದ ಹಾಡು, ಇವತ್ತಿಗೂ.

ಹಾಗಾಗಿ ಒಂದು ಕಡೆ ದೂರದ ಹಂಬಲದಲ್ಲಿ ಊರನ್ನು ಹೊಗಳುವ ಹಾಡುಗಳು, ಇನ್ನೊಂದು ಕಡೆ ಒಳಗಿಂದ ಊರಿನ ಗಾಯ ತೋರಿಸುವ ರ‍್ಯಾಪ್. 2009ರವರೆಗೆ ಇವೆರಡೂ ಸರಿಯಾಗಿ ಒಂದೇ ಹಾಡಿನಲ್ಲಿ ಕೂಡಿರಲಿಲ್ಲ.

ಕಾಲವೂ ಒದಗಿ ಬಂದಿತ್ತು ಎನ್ನಬೇಕು. 1990ರಲ್ಲಿ ನ್ಯೂಯಾರ್ಕ್‌ನಲ್ಲಿ ಒಂದೇ ವರ್ಷ 2,200ಕ್ಕೂ ಹೆಚ್ಚು ಕೊಲೆಗಳಾಗಿದ್ದವು. 2009ರಲ್ಲಿ ಆ ಸಂಖ್ಯೆ 500ಕ್ಕಿಂತ ಕೆಳಗೆ ಇಳಿದಿತ್ತು. ಅದೇ ವರ್ಷದ ಮೇ ತಿಂಗಳಲ್ಲಿ ಟೈಮ್ಸ್ ಸ್ಕ್ವೇರ್‌ನಲ್ಲಿ ಬ್ರಾಡ್‌ವೇ ರಸ್ತೆಯನ್ನು ಕಾರುಗಳಿಗೆ ಮುಚ್ಚಿ ಜನ ನಡೆಯೋಕೆ ಬಿಟ್ಟರು. ಊರು ಸುಧಾರಿಸಿತ್ತು, ಆದರೆ ನೋವು ಇನ್ನೂ ಆರಿರಲಿಲ್ಲ. ಅವಳಿ ಗೋಪುರ ಬಿದ್ದು ಎಂಟು ವರ್ಷ. ಲೆಹ್ಮನ್ ಬ್ರದರ್ಸ್ ಬ್ಯಾಂಕು ಮುಳುಗಿ ಒಂದೇ ವರ್ಷ, ಸಾವಿರಾರು ಜನರ ಕೆಲಸ ಹೋಗಿತ್ತು. ತಲೆ ಎತ್ತಿ ಹಾಡೋಕೆ ಒಂದು ಹಾಡು ಬೇಕು ಅನ್ನುವ ಸ್ಥಿತಿಯಲ್ಲಿ ಊರು ಇತ್ತು.

ಹಳೆಯ ವಿರಹ, ಹೊಸ ಬೀಟ್

ಬೀಟ್ ಕಟ್ಟಿದವರು ಅಲ್ ಶಕ್ಸ್. ಇವರೇ ಲಂಡನ್‌ನವರು. ಅವರು ಎತ್ತಿಕೊಂಡದ್ದು ದಿ ಮೊಮೆಂಟ್ಸ್ ತಂಡದ 'ಲವ್ ಆನ್ ಎ ಟೂ-ವೇ ಸ್ಟ್ರೀಟ್' ಹಾಡಿನ ತುಣುಕನ್ನು. 1970ರಲ್ಲಿ ಆ ಹಾಡು ಅಮೆರಿಕದ ಪಟ್ಟಿಯಲ್ಲಿ ಮೂರನೇ ಸ್ಥಾನದವರೆಗೆ ಹೋಗಿತ್ತು. ಎರಡೂ ಕಡೆಯಿಂದ ಓಡಾಡುವ ರಸ್ತೆಯಲ್ಲಿ ಸಿಕ್ಕ ಪ್ರೀತಿಯನ್ನು ಒಂಟಿ ಹೆದ್ದಾರಿಯಲ್ಲಿ ಕಳೆದುಕೊಂಡೆ ಅನ್ನುವ ಹಾಡು ಅದು. ಪೂರಾ ವಿರಹ. 'ಎಂಪೈರ್ ಸ್ಟೇಟ್' ಕೇಳುವಾಗ ಅಷ್ಟು ದೊಡ್ಡ ಸಂಭ್ರಮದ ಕೆಳಗೆ ಏನೋ ಒಂದು ಕಳೆದುಕೊಂಡ ಭಾವ ತೇಲುತ್ತದಲ್ಲ, ಅದು ಸುಮ್ನೆ ಬಂದದ್ದಲ್ಲ. ಪಿಯಾನೋದಲ್ಲೇ ಅದು ಇದೆ.

ಆ ಹಳೆಯ ಹಾಡನ್ನು ಬರೆದವರು ಬರ್ಟ್ ಕೀಸ್ ಮತ್ತು ಸಿಲ್ವಿಯಾ ರಾಬಿನ್ಸನ್. ಈ ಬರ್ಟ್ ಅವರಿಗೂ ಅಲಿಷಿಯಾ ಅವರಿಗೂ ನಂಟೇನಿಲ್ಲ, ಅಲಿಷಿಯಾ ಅವರ 'ಕೀಸ್' ವೇದಿಕೆಗಾಗಿ ಇಟ್ಟುಕೊಂಡ ಹೆಸರು. ಇಲ್ಲಿ ನಿಲ್ಲಬೇಕಾದದ್ದು ಸಿಲ್ವಿಯಾ ಅವರ ಹೆಸರಿನ ಮುಂದೆ. ನ್ಯೂಯಾರ್ಕ್‌ನ ಹಾರ್ಲೆಮ್‌ನಲ್ಲಿ ಹುಟ್ಟಿದ ಹೆಣ್ಣುಮಗಳು. ಮೊದಲು ಗಾಯಕಿ, ಆಮೇಲೆ ಗಂಡನ ಜೊತೆ ಸೇರಿ ರೆಕಾರ್ಡ್ ಕಂಪನಿ ನಡೆಸಿದವರು. ಹಾರ್ಲೆಮ್‌ನ ಒಂದು ಬಡಾವಣೆಯ ಹೆಸರನ್ನೇ ಇಟ್ಟ ಶುಗರ್ ಹಿಲ್ ರೆಕಾರ್ಡ್ಸ್ ಅವರದು. 1979ರಲ್ಲಿ 'ರ‍್ಯಾಪರ್ಸ್ ಡಿಲೈಟ್' ಹೊರತಂದು, ಅಲ್ಲಿಯವರೆಗೆ ಪಾರ್ಟಿಗಳಲ್ಲಷ್ಟೇ ಇದ್ದ ರ‍್ಯಾಪ್ ರೇಡಿಯೋಗೆ ಬರುವಂತೆ ಮಾಡಿದ್ದು ಅವರೇ. ಮೇಲೆ ಹೇಳಿದ 'ದಿ ಮೆಸೇಜ್' ಹಾಡಿನ ಹಿಂದೆ ಇದ್ದದ್ದೂ ಅವರೇ.

ಈಗ ಜೋಡಿಸಿ ನೋಡಿ. ಊರಿನ ಗಾಯವನ್ನು ತೋರಿಸಿದ 1982ರ ಹಾಡಿನಲ್ಲೂ ಅವರ ಹೆಸರಿದೆ, ಊರನ್ನು ಕೊಂಡಾಡಿದ 2009ರ ಹಾಡಿನಲ್ಲೂ ಅವರ ಹೆಸರಿದೆ. 2011ರ ಸೆಪ್ಟೆಂಬರ್‌ನಲ್ಲಿ ಅವರು ತೀರಿಕೊಂಡರು. ಮೂವತ್ತೊಂಬತ್ತು ವರ್ಷದ ಹಿಂದಿನ ತಮ್ಮ ಹಾಡು ಹೊಸ ರೂಪದಲ್ಲಿ ಮೊದಲ ಸ್ಥಾನಕ್ಕೆ ಹೋದಾಗ ಅವರು ಬದುಕಿದ್ದರು. ಇದನ್ನು ಯೋಚಿಸಿದಾಗಲೆಲ್ಲಾ ನನಗೆ ತುಂಬಾ ಸಂತೋಷವಾಗುತ್ತದೆ.

ಬೇಡ ಎಂದವರು, ಬೇಕು ಎಂದವರು

ಲಂಡನ್‌ನಲ್ಲಿ ಹುಟ್ಟಿದ ಆ ಹಾಡನ್ನು ಜೇ-ಝೀ ಅವರ ಕಂಪನಿ ರಾಕ್ ನೇಷನ್‌ಗೆ ಕಳಿಸಿದರು. ಅಲ್ಲಿಂದ ಒಳ್ಳೆಯ ಅಭಿಪ್ರಾಯ ಬರಲಿಲ್ಲ. ಬರೆದವರಿಬ್ಬರಿಗೂ ಬೇಜಾರಾಯಿತು. ಹಾಡು ಅಲ್ಲಿಗೇ ಮುಗಿಯಿತು ಅಂದುಕೊಳ್ಳುವ ಸ್ಥಿತಿ.

ಆಮೇಲೆ ಒಂದು ದಿನ ಬಾರ್ಬೆಕ್ಯೂ ಊಟಕ್ಕೆ ಜನ ಸೇರಿದ್ದರು. ಅಲ್ಲಿ ಇಎಂಐ ಮ್ಯೂಸಿಕ್ ಪಬ್ಲಿಷಿಂಗ್‌ನ ಜಾನ್ ಪ್ಲಾಟ್ ಈ ಹಾಡು ಕೇಳಿದರು. ಕೇಳಿದ ಕೂಡಲೇ ಇದು ಜೇ-ಝೀ ಹಾಡಬೇಕಾದ ಹಾಡು ಎಂದರು. ಒಮ್ಮೆ ಬೇಡ ಅನಿಸಿಕೊಂಡ ಬಾಗಿಲಿಗೇ ಮತ್ತೆ ಹಾಡು ಹೋಯಿತು, ಆದರೆ ಈ ಸಲ ನೇರವಾಗಿ ಜೇ-ಝೀ ಕೈಗೆ. ಅವರು ಅದೇ ರಾತ್ರಿ ರೆಕಾರ್ಡ್ ಮಾಡಿದರು.

ಈ ಪ್ರಕರಣದಲ್ಲಿ ನನ್ನನ್ನು ಜಾಸ್ತಿ ಹಿಡಿದು ನಿಲ್ಲಿಸುವ ತಿರುವು ಇದೇ. ಹಾಡು ಅದೇ, ಕೇಳಿದ ಕಿವಿ ಬೇರೆ. ಮೊದಲು ಕೇಳಿದವರದ್ದು ತಪ್ಪು, ಆಮೇಲೆ ಕೇಳಿದವರದ್ದು ಸರಿ ಅಂತ ತೀರ್ಪು ಕೊಡೋದು ಸುಲಭ. ನನಗೆ ಹಾಗೆ ಅನಿಸುವುದಿಲ್ಲ. ಆ ಹಂತದಲ್ಲಿ ಅದು ಊರಿನ ನೆನಪಿನ ಹಾಡು, ಅಷ್ಟೇ. ಪ್ರೀತಿ ತುಂಬಾ ಇದೆ, ಆದರೆ ಆ ಪ್ರೀತಿಗೆ ಸಾಕ್ಷಿ ಹೇಳುವವರು ಇನ್ನೂ ಹಾಡಿನೊಳಗೆ ಬಂದಿಲ್ಲ. ಯಾವ ಊರಿಗೆ ಬೇಕಾದರೂ ಒಪ್ಪುವಂಥ ಹೊಗಳಿಕೆ ಎಂದು ಯಾರಾದರೂ ಪಕ್ಕಕ್ಕಿಟ್ಟಿದ್ದರೆ ಆಶ್ಚರ್ಯವಿಲ್ಲ. ಜಾನ್ ಪ್ಲಾಟ್ ಕೇಳಿದ್ದು ಹಾಡನ್ನು ಮಾತ್ರ ಅಲ್ಲ, ಅದರಲ್ಲಿ ಖಾಲಿ ಇದ್ದ ಜಾಗವನ್ನೂ. ಆ ಜಾಗದಲ್ಲಿ ಯಾರು ನಿಂತರೆ ಹಾಡು ನಿಲ್ಲುತ್ತದೆ ಅನ್ನುವುದು ಅವರಿಗೆ ಹೊಳೆಯಿತು.

ಚರಣಗಳು: ಒಳಗಿನವನ ಲೆಕ್ಕ

ಜೇ-ಝೀ ಪಲ್ಲವಿಯನ್ನು ಹಾಗೇ ಉಳಿಸಿಕೊಂಡು ಚರಣಗಳನ್ನು ತಾವೇ ಬರೆದರು. ಅವರು ಬೆಳೆದದ್ದು ಬ್ರೂಕ್ಲಿನ್‌ನ ಬೆಡ್-ಸ್ಟೈ ಭಾಗದ ಮಾರ್ಸಿ ಹೌಸಸ್‌ನಲ್ಲಿ. ಆರಾರು ಮಹಡಿಯ 27 ಕಟ್ಟಡಗಳಿರುವ ಸರ್ಕಾರಿ ವಸತಿ ಅದು. ಮಾದಕ ವಸ್ತು ಮಾರಿದ ದಿನಗಳನ್ನು ಅವರು ಎಂದೂ ಮುಚ್ಚಿಟ್ಟಿಲ್ಲ. ಈ ಹಾಡು ಬರೆಯುವ ಹೊತ್ತಿಗೆ ಅವರು ನದಿ ದಾಟಿ ಮ್ಯಾನ್‌ಹ್ಯಾಟನ್‌ನ ಟ್ರೈಬೆಕಾದಲ್ಲಿ ಶ್ರೀಮಂತರ ನೆರೆಯಲ್ಲಿದ್ದರು. ಮೊದಲ ಚರಣ ಶುರುವಾಗುವುದೇ ಆ ದಾಟುವಿಕೆಯಿಂದ. ಬ್ರೂಕ್ಲಿನ್ ಬಿಟ್ಟು ಬಂದೆ, ಈಗ ನನ್ನ ಪಕ್ಕದ ಮನೆ ಸಿನಿಮಾ ನಟ ಡಿ ನಿರೋ ಅವರದು, ಆದರೂ ನಾನು ಆ ಕೇರಿಯವನೇ ಅನ್ನುವ ಧಾಟಿ. ತಾನೇ ಹೊಸ ಸಿನಾತ್ರಾ ಅಂತಲೂ ಹೇಳಿಕೊಳ್ಳುತ್ತಾರೆ. ಅದು ಬರೀ ಹೆಚ್ಚುಗಾರಿಕೆಯಲ್ಲ. ಊರಿನ ಹಾಡು ಇನ್ನು ಮುಂದೆ ಯಾರ ಬಾಯಲ್ಲಿರುತ್ತದೆ ಅನ್ನುವುದಕ್ಕೆ ನೇರ ಹಕ್ಕು ಚಲಾವಣೆ.

ಆಮೇಲೆ ಅವರು ಮಾಡುವ ಕೆಲಸ ನನಗೆ ಬಹಳ ಇಷ್ಟ. ಊರು ಚೆಂದ ಅಂತ ಎಲ್ಲೂ ಹೇಳುವುದಿಲ್ಲ. ಜಾಗಗಳ ಹೆಸರು ಹೇಳುತ್ತಾ ಹೋಗುತ್ತಾರೆ. ಹಾರ್ಲೆಮ್‌ನಲ್ಲಿ ಸರಕು (ಅದೇ ಮಾದಕ ವಸ್ತು) ತರುತ್ತಿದ್ದದ್ದು, ಬ್ರಾಡ್‌ವೇಯಲ್ಲಿ ನಿಂತ ಡೊಮಿನಿಕನ್ನರು, ಸರಕು ಬಚ್ಚಿಡುತ್ತಿದ್ದ 560, ಸ್ಟೇಟ್ ಸ್ಟ್ರೀಟ್. ಬಾಗಿಲ ನಂಬರ್ ಸಮೇತ! ಕೇಳುವವರಿಗೆ ಆ ವಿಳಾಸ ಗೊತ್ತಿರಬೇಕಾಗಿಲ್ಲ. ಇವನು ಅಲ್ಲಿ ಇದ್ದವನು ಅನ್ನುವುದು ಆ ನಂಬರಿನಿಂದಲೇ ಗೊತ್ತಾಗುತ್ತದೆ. ಹಳದಿ ಟ್ಯಾಕ್ಸಿ ಎಲ್ಲರಿಗೂ ಗೊತ್ತು. ಲೈಸೆನ್ಸ್ ಇಲ್ಲದೆ ಓಡುವ ಕ್ಯಾಬ್, ಒಂದು ಡಾಲರ್ ಕೊಟ್ಟರೆ ಹತ್ತಿಸಿಕೊಳ್ಳುವ ಗಾಡಿ, ಇವು ಊರಿನವರಿಗೆ ಮಾತ್ರ ಗೊತ್ತು. ಅವರು ಮೂರನ್ನೂ ಒಂದೇ ಉಸಿರಲ್ಲಿ ಹೇಳಿಬಿಡುತ್ತಾರೆ. ಪ್ರವಾಸಿಯ ಊರು ಮತ್ತು ನಿವಾಸಿಯ ಊರು ಒಂದೇ ಸಾಲಿನಲ್ಲಿ ಅಕ್ಕಪಕ್ಕ ನಿಲ್ಲುತ್ತವೆ. ಯಾಂಕೀಸ್ ತಂಡದ ಟೋಪಿ ಬರುತ್ತದೆ, ಬ್ರೂಕ್ಲಿನ್‌ನಲ್ಲಿ ಕೆರಿಬಿಯನ್ ಮೂಲದವರು ನಡೆಸುವ ಲೇಬರ್ ಡೇ ಮೆರವಣಿಗೆ ಬರುತ್ತದೆ, ಬಿದ್ದುಹೋದ ವರ್ಲ್ಡ್ ಟ್ರೇಡ್ ಗೋಪುರಗಳಿಗೆ ಒಂದು ನಮಸ್ಕಾರವೂ ಬರುತ್ತದೆ.

ಮೂರನೇ ಚರಣ ಬೇರೆಯೇ. ಪಲ್ಲವಿ ಕೇಳಿ ಕನಸು ಕಟ್ಟಿಕೊಂಡು ಬಸ್ ಹತ್ತಿ ಬಂದ ಹುಡುಗಿಗೆ ಈ ಊರು ಏನು ಮಾಡಬಹುದು ಅಂತ ಅಲ್ಲಿದೆ. ದೀಪಗಳು ಕಣ್ಣು ಕುಕ್ಕುತ್ತವೆ, ಅಮಲು ಇದೆ, ನಿದ್ದೆ ಇಲ್ಲ, ಓದೋಕೆ ಬಂದವಳು ದಾರಿ ತಪ್ಪುತ್ತಾಳೆ. ಎಂಬತ್ತು ಲಕ್ಷ ಕಥೆಗಳಲ್ಲಿ ಅರ್ಧದಷ್ಟು ಗೆಲ್ಲುವುದೇ ಇಲ್ಲ ಅಂತ ಅದಕ್ಕೂ ಮುಂಚೆಯೇ ಹೇಳಿರುತ್ತಾರೆ. ಹುಡುಗಿಯರ ಬಗ್ಗೆ ಅಲ್ಲಿ ಬರುವ ಒಂದೆರಡು ಮಾತು ಒರಟು, ನನಗೆ ಒಪ್ಪಿಗೆಯಿಲ್ಲ. ಅದೇ ಊರಿನಲ್ಲಿ ಕೆಟ್ಟುಹೋದ ಗಂಡಸರ ಮೇಲೆ ಆ ಚರಣ ಅಷ್ಟು ಕಟುವಾಗಿ ಮಾತಾಡುವುದಿಲ್ಲ. ಆದರೂ ಆ ಚರಣ ಇಲ್ಲದಿದ್ದರೆ ಈ ಹಾಡು ಪ್ರವಾಸೋದ್ಯಮದ ಜಾಹೀರಾತು ಆಗಿಬಿಡುತ್ತಿತ್ತು. ಚರಣದಲ್ಲಿ ಅಷ್ಟು ಕಹಿ ಹೇಳಿ ಮುಗಿಸುತ್ತಿದ್ದ ಹಾಗೇ ಮತ್ತೆ ಅದೇ ಪಲ್ಲವಿ ಎದ್ದು ಬರುತ್ತದೆ, ಈ ಊರಲ್ಲಿ ಆಗದ್ದು ಯಾವುದೂ ಇಲ್ಲ ಅಂತ. ಕಹಿ ಕೇಳಿದ ಮೇಲೆ ಬರುವ ಆ ಪಲ್ಲವಿ ಮೊದಲು ಕೇಳಿದ ಪಲ್ಲವಿಯ ಹಾಗಿರುವುದಿಲ್ಲ. ಸ್ವರ ಅದೇ, ಮಾತು ಅದೇ, ಅರ್ಥ ಮಾತ್ರ ಭಾರವಾಗಿರುತ್ತದೆ.

ಕಿವಿಗೆ ಈ ಎರಡು ಭಾಗ ಹೇಗೆ ಕೂಡುತ್ತವೆ ನೋಡಿ. ಚರಣದಲ್ಲಿ ಜೇ-ಝೀ ದನಿ ಕೆಳಗಿರುತ್ತದೆ, ಮಾತು ಒತ್ತೊತ್ತಾಗಿ ಬರುತ್ತದೆ, ಹೆಸರಿನ ಮೇಲೆ ಹೆಸರು. ಕಿಕ್ಕಿರಿದ ಬೀದಿಯಲ್ಲಿ ನಡೆದ ಹಾಗೆ. ಪಲ್ಲವಿಯಲ್ಲಿ ಮಾತು ಕಮ್ಮಿ, ದನಿ ಎತ್ತರ, ಊರಿನ ಹೆಸರನ್ನೇ ಎಳೆದು ಎಳೆದು ಹಾಡುತ್ತಾರೆ. ಬೀದಿಯಿಂದ ಇದ್ದಕ್ಕಿದ್ದ ಹಾಗೆ ಮಹಡಿ ಮೇಲೆ ಹೋಗಿ ಇಡೀ ಊರು ನೋಡಿದ ಹಾಗೆ. ರ‍್ಯಾಪ್ ಎಲ್ಲರಿಗೂ ಬರುವುದಿಲ್ಲ. ಆದರೆ ಆ ಪಲ್ಲವಿಯನ್ನು ಒಂದು ಸಲ ಕೇಳಿದವರು ಎರಡನೇ ಸಲ ಕೂಗಬಹುದು. ಹಾಡು ಕ್ರೀಡಾಂಗಣಕ್ಕೆ ಹೋಗಿದ್ದು ಹೀಗೆ.

ಯಾರ ದನಿ?

ಪಲ್ಲವಿಗೆ ಮೊದಲು ಜೇ-ಝೀ ಮನಸ್ಸಿನಲ್ಲಿ ಗಾಯಕಿ ಮೇರಿ ಜೆ. ಬ್ಲೈಜ್ ಹೆಸರೂ ಇತ್ತು. ಪಿಯಾನೋ ಕೇಳಿದ ಮೇಲೆ ಅಲಿಷಿಯಾ ಕೀಸ್ ಎಂದು ನಿಂತರು. ಅಲಿಷಿಯಾ ಮ್ಯಾನ್‌ಹ್ಯಾಟನ್‌ನ ಹೆಲ್ಸ್ ಕಿಚನ್‌ನಲ್ಲಿ ಬೆಳೆದವರು, ಪಿಯಾನೋ ಜೊತೆಗೇ ಜನ ಅವರನ್ನು ನೆನೆಯುವುದು. ಬ್ರೂಕ್ಲಿನ್ ಮತ್ತು ಮ್ಯಾನ್‌ಹ್ಯಾಟನ್ ಎರಡೂ ಹಾಡಿಗೆ ಬಂದಂತಾಯಿತು.

ಒಂದು ಸಣ್ಣ ವಿಷಯ ಹೇಳಲೇಬೇಕು. ಮೊದಲ ಸಲ ಹಾಡುವಾಗ ಅಲಿಷಿಯಾ ಅವರಿಗೆ ನೆಗಡಿಯಾಗಿತ್ತು. ಹಾಡಿ ಕಳಿಸಿದರು. ಜೇ-ಝೀ ಮೆಲ್ಲಗೆ, ಇನ್ನೊಂದು ಸಲ ಹಾಡೋಕಾಗುತ್ತಾ ಎಂದು ಕೇಳಿದರು. ಅವರು ಮತ್ತೆ ಹಾಡಿದರು. ಲಂಡನ್‌ನಲ್ಲಿ ಮೈ ಹುಷಾರಿಲ್ಲದ ಇಬ್ಬರು ಬರೆದ ಪಲ್ಲವಿಯನ್ನು, ಮೈ ಹುಷಾರಿಲ್ಲದೆಯೇ ಇನ್ನೊಬ್ಬರು ಮೊದಲು ಹಾಡಿದ್ದರು. ಗುಣವಾದ ಮೇಲೆ ಹಾಡಿದ್ದನ್ನು ನಾವು ಕೇಳುತ್ತಿದ್ದೇವೆ. ದೊಡ್ಡ ಹೆಸರಿನ ಗಾಯಕಿಗೆ ಇನ್ನೊಂದು ಸಲ ಹಾಡಿ ಅನ್ನುವುದೂ ಕಷ್ಟ, ಹಾಗೆ ಕೇಳಿದಾಗ ಬೇಸರ ಮಾಡಿಕೊಳ್ಳದೆ ಮತ್ತೆ ಮೈಕಿನ ಮುಂದೆ ನಿಲ್ಲುವುದೂ ಕಷ್ಟ. ಆ ಎತ್ತರದ ಸ್ವರದಲ್ಲಿ ಎದೆ ಬಿಚ್ಚಿದ ಹಾಗೆ ಕೇಳುತ್ತದಲ್ಲ, ಅದು ಎರಡನೇ ಸಲದ ಫಲ.

ಪಲ್ಲವಿಯ ಇಂಗ್ಲಿಷಿನಲ್ಲಿ ಒಂದು ವ್ಯಾಕರಣದ ತೊಡಕಿದೆ, ಕನಸುಗಳನ್ನು ಮಾಡುವ ಕಾಂಕ್ರೀಟ್ ಕಾಡು ಅನ್ನುವ ಸಾಲಿನಲ್ಲಿ ಒಂದು ಪದ ಜಾಸ್ತಿ ಬಿದ್ದಿದೆ ಅಂತ ಬಹಳ ಜನ ಹೇಳಿದ್ದಾರೆ. ಹಾಡುವಾಗ ಆ ಪದ ಬೇಕು. ಅದಿಲ್ಲದೆ ಸಾಲು ಮುಗಿಯುವ ಜಾಗದಲ್ಲಿ ದನಿ ಊರಲು ನೆಲವೇ ಇರುವುದಿಲ್ಲ. ನಾನಾಗಿದ್ದರೂ ಅದನ್ನು ತೆಗೆಯುತ್ತಿರಲಿಲ್ಲ.

ಊರಿಗೆ ಒಪ್ಪಿಸಿದ್ದು

ಹಾಡು ಇದ್ದದ್ದು 'ದಿ ಬ್ಲೂಪ್ರಿಂಟ್ 3' ಆಲ್ಬಂನಲ್ಲಿ. ಜೇ-ಝೀ ಅವರ ಮೊದಲ 'ಬ್ಲೂಪ್ರಿಂಟ್' ಅಂಗಡಿಗೆ ಬಂದದ್ದು 2001ರ ಸೆಪ್ಟೆಂಬರ್ 11ರಂದು, ಗೋಪುರಗಳು ಬಿದ್ದ ದಿನವೇ. ಮೂರನೆಯದನ್ನೂ ಅದೇ ದಿನಾಂಕಕ್ಕೆ ಇಟ್ಟುಕೊಂಡಿದ್ದರು, ಕೊನೆಗೆ ಮೂರು ದಿನ ಮುಂಚೆ, ಸೆಪ್ಟೆಂಬರ್ 8ಕ್ಕೆ ಬಿಡುಗಡೆ ಮಾಡಿದರು. ಗಮನಿಸಿ, ಇದು ಆಲ್ಬಂನಿಂದ ಮೊದಲು ಬಿಟ್ಟ ಹಾಡಲ್ಲ. ಇದಕ್ಕೂ ಮುಂಚೆ ಎರಡು ಹಾಡು ಬಿಟ್ಟಿದ್ದರು. ಇದು ಮೂರನೆಯದು.

ಸೆಪ್ಟೆಂಬರ್ 13ರಂದು ರೇಡಿಯೋ ಸಿಟಿ ಮ್ಯೂಸಿಕ್ ಹಾಲ್‌ನಲ್ಲಿ ನಡೆದ ಎಂಟಿವಿ ಪ್ರಶಸ್ತಿ ಸಮಾರಂಭದ ಕೊನೆಗೆ ಇಬ್ಬರೂ ಇದನ್ನು ಹಾಡಿದರು. ಆಗ ಲಿಲ್ ಮಾಮಾ ಅನ್ನುವ ನ್ಯೂಯಾರ್ಕ್‌ನದೇ ರ‍್ಯಾಪರ್ ಕರೆಯದೇ ವೇದಿಕೆ ಹತ್ತಿ ಅವರ ಪಕ್ಕ ನಿಂತುಬಿಟ್ಟರು. ಬಹಳ ಟೀಕೆ ಬಂತು, ಹಾಡು ಕೇಳಿ ತಡೆಯೋಕಾಗಲಿಲ್ಲ ಎಂದು ಅವರು ಆಮೇಲೆ ಹೇಳಿಕೊಂಡರು. ತಪ್ಪು ತಪ್ಪೇ. ಆದರೆ ಬಿಡುಗಡೆಯಾಗಿ ಒಂದು ವಾರವೂ ಆಗದ ಹಾಡು ಊರಿನ ಒಬ್ಬರಿಗೆ ಇದು ನನ್ನದೂ ಹೌದು ಅನಿಸಿಬಿಟ್ಟಿತ್ತು.

ವಿಡಿಯೋವನ್ನು ಹೈಪ್ ವಿಲಿಯಮ್ಸ್ ಕಪ್ಪು ಬಿಳುಪಿನಲ್ಲಿ ಊರೊಳಗೇ ಚಿತ್ರಿಸಿದರು. ಟೈಮ್ಸ್ ಸ್ಕ್ವೇರ್‌ನಲ್ಲಿ ಪಿಯಾನೋ ಇಟ್ಟು ಅಲಿಷಿಯಾ ಹಾಡುತ್ತಾರೆ.

ಅದಕ್ಕಿಂತ ದೊಡ್ಡ ಕೆಲಸ ಮಾಡಿದ್ದು ಬೇಸ್‌ಬಾಲ್. ಆ ವರ್ಷ ನ್ಯೂಯಾರ್ಕ್ ಯಾಂಕೀಸ್ ವರ್ಲ್ಡ್ ಸೀರೀಸ್ ಫೈನಲ್‌ಗೆ ಬಂದಿತ್ತು. ಅಕ್ಟೋಬರ್ 29ರಂದು, ಎರಡನೇ ಪಂದ್ಯಕ್ಕೆ ಮುಂಚೆ, ಯಾಂಕೀ ಸ್ಟೇಡಿಯಂನಲ್ಲಿ ಇಬ್ಬರೂ ಈ ಹಾಡು ಹಾಡಿದರು. ಯಾಂಕೀಸ್ ಗೆದ್ದಾಗಲೆಲ್ಲ ಸಿನಾತ್ರಾ ದನಿ ಕೇಳುವ ಮೈದಾನ ಅದು. ಹೊಸ ಸಿನಾತ್ರಾ ನಾನು ಎಂದು ಹಾಡಿನಲ್ಲಿ ಹೇಳಿಕೊಂಡವರು ಅದೇ ಹುಲ್ಲಿನ ಮೇಲೆ ಬಂದು ನಿಂತರು. ಯಾಂಕೀಸ್ ತಂಡ ಫಿಲಡೆಲ್ಫಿಯಾವನ್ನು ಸೋಲಿಸಿ 27ನೇ ಸಲ ಗೆದ್ದಿತು. ನವೆಂಬರ್ 6ರಂದು ವಿಜಯದ ಮೆರವಣಿಗೆ ನಡೆದಾಗ ಸಿಟಿ ಹಾಲ್ ಮುಂದೆ ಜೇ-ಝೀ ಮತ್ತೆ ಇದನ್ನೇ ಹಾಡಿದರು. ಅಲ್ಲಿಂದ ಮೂರು ವಾರಕ್ಕೆ ಹಾಡು ಮೊದಲ ಸ್ಥಾನಕ್ಕೆ ಬಂತು.

ಯಾಂಕೀಸ್ ಸೋತಿದ್ದರೆ ಹೀಗಾಗುತ್ತಿತ್ತಾ? ಹಾಡು ಆಗಲೂ ಗೆಲ್ಲುತ್ತಿತ್ತು ಅಂತ ನನಗನಿಸುತ್ತದೆ, ಆದರೆ ಊರಿನ ಹಾಡು ಅನಿಸಿಕೊಳ್ಳೋಕೆ ಇನ್ನೂ ಸ್ವಲ್ಪ ಕಾಲ ಹಿಡಿಯುತ್ತಿತ್ತು. ಒಂದು ಊರಿನ ಜನ ಎಲ್ಲರೂ ಒಟ್ಟಿಗೆ ಖುಷಿಪಡುವ ದಿನಗಳು ತುಂಬಾ ಕಮ್ಮಿ. ಅಂಥ ದಿನ ಯಾವ ಹಾಡು ಕೇಳಿತೋ ಅದು ಆ ದಿನದ ಜೊತೆಗೇ ಅಂಟಿಕೊಳ್ಳುತ್ತದೆ.

ಜೇ-ಝೀ ಅವರಿಗೆ ಇದು ಮುಖ್ಯ ಗಾಯಕರಾಗಿ ಹಾಟ್ 100ರಲ್ಲಿ ಮೊದಲ ನಂಬರ್ ಒನ್. ಮರಾಯಾ ಕ್ಯಾರಿ, ಬಿಯಾನ್ಸೆ, ರಿಹಾನಾ ಅವರ ಹಾಡುಗಳಲ್ಲಿ ಜೊತೆಗಾರರಾಗಿ ಅವರು ಆ ಜಾಗ ನೋಡಿದ್ದರು. ಸ್ವಂತ ಹಾಡಿನಿಂದ ಆಗಿರಲಿಲ್ಲ. ಆ ಐದು ವಾರಗಳ ಒಳಗೇ, ಡಿಸೆಂಬರ್ 4ರಂದು, ಅವರಿಗೆ 40 ತುಂಬಿತು. 2011ರ ಗ್ರ್ಯಾಮಿಯಲ್ಲಿ ಹಾಡಿಗೆ ಎರಡು ಪ್ರಶಸ್ತಿ ಬಂತು. ಅದರಲ್ಲಿ ಒಂದು ಅತ್ಯುತ್ತಮ ರ‍್ಯಾಪ್ ಹಾಡಿನದು, ಅಂದರೆ ಬರೆದವರಿಗೆ ಸಲ್ಲುವಂಥದು.

ಬರೆದವರ ಪಟ್ಟಿಯಲ್ಲಿ ಏಳು ಹೆಸರುಗಳಿವೆ. ಜೇ-ಝೀ, ಏಂಜೆಲಾ ಹಂಟ್, ಜನೆಟ್ ಸೂವೆಲ್, ಅಲಿಷಿಯಾ ಕೀಸ್, ಅಲ್ ಶಕ್ಸ್, ಬರ್ಟ್ ಕೀಸ್, ಸಿಲ್ವಿಯಾ ರಾಬಿನ್ಸನ್. ಹಾಡು ಕೇಳುವವರಲ್ಲಿ ಬಹಳ ಜನರಿಗೆ ಇಬ್ಬರ ಹೆಸರು ಮಾತ್ರ ಗೊತ್ತು. ಅದು ನನಗೆ ಬೇಸರದ ವಿಷಯ.

ಹಾಡು ಹೊರಟ ದಾರಿ

ಮರುವರ್ಷವೇ ಬೇರೆ ಬೇರೆ ಊರಿನವರು ತಮ್ಮ ಊರಿನ ಹೆಸರು ಹಾಕಿ ಇದನ್ನು ಹಾಡತೊಡಗಿದರು. ವೇಲ್ಸ್‌ನ ನ್ಯೂಪೋರ್ಟ್ ಅನ್ನುವ ಪುಟ್ಟ ನಗರದ ಮೇಲೆ 2010ರಲ್ಲಿ ಬಂದ ಅಣಕು ಹಾಡು ಯೂಟ್ಯೂಬ್‌ನಲ್ಲಿ ತುಂಬಾ ಜನ ನೋಡಿದ್ದು, ಆಮೇಲೆ ಹಕ್ಕಿನ ಕಾರಣಕ್ಕೆ ಅದನ್ನು ತೆಗೆಸಿದರು. ಪಲ್ಲವಿ ಎಲ್ಲಿಗೆ ಬೇಕಾದರೂ ಹೋಗುತ್ತದೆ ಅನ್ನುವುದಕ್ಕೆ ಇದು ಸಾಕ್ಷಿ. ಚರಣ ಮಾತ್ರ ಪ್ರತಿ ಊರಿನವರೂ ಹೊಸದಾಗಿ ಬರೆಯಬೇಕಾಯಿತು. ಅವರವರ ಬೀದಿ, ಅವರವರ ಬಸ್ಸು.

2009ರ ಡಿಸೆಂಬರ್‌ನಲ್ಲೇ ಅಲಿಷಿಯಾ ತಮ್ಮ ಆಲ್ಬಂನಲ್ಲಿ ಇದರ ಎರಡನೇ ಭಾಗ ತಂದರು. ಅದರಲ್ಲಿ ಜೇ-ಝೀ ಇಲ್ಲ, ರ‍್ಯಾಪ್ ಇಲ್ಲ. ಪಿಯಾನೋ ಮುಂದೆ ಕೂತು ಒಬ್ಬರೇ ನಿಧಾನವಾಗಿ ಹಾಡುತ್ತಾರೆ. ಕ್ರೀಡಾಂಗಣದ ಕೂಗು ಹೋಗಿ ಒಂದು ಕೋಣೆಯ ಹಾಡು ಆಗಿದೆ. ರಾತ್ರಿ ಹೊತ್ತು ಒಬ್ಬರೇ ಕೂತು ಅದನ್ನು ಕೇಳಿದರೆ ಸಂಭ್ರಮಕ್ಕಿಂತ ನೆನಪೇ ಜಾಸ್ತಿ ಕೇಳುತ್ತದೆ.

ಕೊನೆಗೆ ಆ ವಿಳಾಸದ ಬಗ್ಗೆ. ಜೇ-ಝೀ ಮೊದಲ ಚರಣದಲ್ಲಿ ಹೇಳುವ 560, ಸ್ಟೇಟ್ ಸ್ಟ್ರೀಟ್ ಬ್ರೂಕ್ಲಿನ್‌ನ ಒಂದು ಕಟ್ಟಡ, ಒಂದು ಕಾಲದಲ್ಲಿ ಅವರು ಅಲ್ಲಿ ವಾಸವಿದ್ದರು. ಏಂಜೆಲಾ ಹಂಟ್ ಬೆಳೆದದ್ದೂ ಅದೇ ಕಟ್ಟಡದಲ್ಲಿ. ಲಂಡನ್‌ನಲ್ಲಿ ಮನೆಯ ನೆನಪಾಗಿ ಹಾಡು ಶುರು ಮಾಡಿದರಲ್ಲ, ಆ ಹಾಡು ಅಷ್ಟು ಕೈ ದಾಟಿ ವಾಪಸ್ ಬಂದಾಗ ಅದರೊಳಗೆ ಅವರ ಮನೆಯ ಬಾಗಿಲ ನಂಬರ್ ಇತ್ತು.